ಹೊಳವು ಯಾವಾಗ?

ಜುಲೈ ಬಂತೆಂದರೆ ಶಿರಸಿಯಿಂದ ಅಪ್ಪನ ಫೋನು ಬೆಳಿಗ್ಗೆಯೇ ಬರುತ್ತದೆ. ಕೇಳುವುದು ಒಂದೇ ಪ್ರಶ್ನೆ: "ಕೂಸೇ, ಹೊಳವು ಯಾವಾಗ ಆಗ್ತು?"

ವಾರದಲ್ಲಿ ಎಷ್ಟು ಮಳೆ ಬೀಳುತ್ತದೆ ಎನ್ನುವುದು ಅಪ್ಪನಿಗೆ ಮುಖ್ಯವಲ್ಲ. ಮಳೆ ಬಿಡುವು ಕೊಡುವ ಒಂದು ದಿನ ಬೇಕು. ಅಡಿಕೆಗೆ ಎರಡನೇ ಸಲ ಬೋರ್ಡೋ ಮದ್ದು ಹೊಡೆಸಬೇಕು. ಮೈಲುತುತ್ತ, ಸುಣ್ಣದ ಆ ದ್ರಾವಣ ಕೊನೆಯ ಮೇಲೆ ಒಣಗುವ ಮೊದಲೇ ಮಳೆ ಹೊಯ್ದರೆ ತೊಳೆದುಹೋಗುತ್ತದೆ. ಆಮೇಲೆ ಕೊಳೆರೋಗ, ಉದುರುವ ಎಳೆಕಾಯಿ, ವರ್ಷದ ಲೆಕ್ಕ ತಲೆಕೆಳಗು. ಕೊನೆಗೌಡ ಸಿಗುವುದೇ ಕಷ್ಟವಾಗಿರುವಾಗ ಇನ್ನೊಮ್ಮೆ ಕರೆಯುವುದು ಸುಲಭವಲ್ಲ.

ಪುಣೆಯಲ್ಲಿ ಕೂತು ಅಪ್ಪನಿಗೆ ಮುನ್ಸೂಚನೆ ಓದಿ ಹೇಳುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ "ಕೆಲವು ಕಡೆ ಮಳೆ" ಎಂದಿತ್ತು. ಹೆಚ್ಚೇನೂ ಇಲ್ಲ, ಹೊಡೆಸಿ ಎಂದೆ. ಮಧ್ಯಾಹ್ನ ಮೂರಕ್ಕೆ ಜಡಿಮಳೆ. ಅಪ್ಪ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮುನ್ಸೂಚನೆ ತಪ್ಪಿರಲಿಲ್ಲ, ನಾನು ಓದಿದ್ದು ತಪ್ಪಿತ್ತು.

ಭಾರತೀಯ ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ "ಕೆಲವು ಕಡೆ" ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ. 26ರಿಂದ 50ರಷ್ಟರಲ್ಲಿ ಮಳೆ. ಅದು ಮಳೆಯ ವಿಸ್ತಾರದ ಮಾತು, ಜೋರಿನ ಮಾತಲ್ಲ. "ಸಾಧಾರಣ ಮಳೆ" ಎಂದರೆ ದಿನಕ್ಕೆ 15.6ರಿಂದ 64.4 ಮಿಲಿಮೀಟರ್. 16 ಮಿಲಿಮೀಟರ್ ಬಿದ್ದ ದಿನ ಒಂದು ಗಳಿಗೆ ಕೆಲಸ ಸಾಗೀತು, 64 ಬಿದ್ದ ದಿನ ತೋಟಕ್ಕೆ ಕಾಲಿಡಲಾಗದು. ಎರಡಕ್ಕೂ ಒಂದೇ ಪದ. ಕನ್ನಡದಲ್ಲಿ ಸಾಧಾರಣ ಎಂದರೆ ವಿಶೇಷವಿಲ್ಲದ್ದು ತಾನೆ? ಕೇಳಿದವರು ಹಾಗೇ ತಿಳಿಯುತ್ತಾರೆ. ಇನ್ನು ಇಲಾಖೆಯ ಮಳೆದಿನ ಶುರುವಾಗುವುದು ಬೆಳಿಗ್ಗೆ 8.30ಕ್ಕೆ, ಮುಗಿಯುವುದು ಮರುದಿನ 8.30ಕ್ಕೆ. ಬುಧವಾರ ನಸುಕಿನ ಮಳೆ ಮಂಗಳವಾರದ ಮುನ್ಸೂಚನೆಗೆ ಸೇರುತ್ತದೆ.

ಭೂಗೋಳದ ತೊಡಕು ಬೇರೆ. ಇಲಾಖೆಯ ವಿಭಾಗದಲ್ಲಿ ಇಡೀ ಉತ್ತರ ಕನ್ನಡ "ಕರಾವಳಿ ಕರ್ನಾಟಕ"ಕ್ಕೆ ಸೇರಿದೆ. ಭಟ್ಕಳದ ಕಡಲು, ಘಟ್ಟದ ಮೇಲಿನ ಶಿರಸಿ, ಬಯಲು ಸೀಮೆಗೆ ತಾಗಿದ ಹಳಿಯಾಳ ಎಲ್ಲವೂ ಒಂದೇ ಜಿಲ್ಲೆ, ಎಚ್ಚರಿಕೆ ಬಂದರೆ ನಕ್ಷೆಯಲ್ಲಿ ಒಂದೇ ಬಣ್ಣ. ಮೂರೂ ಊರಿನ ಮಳೆ ಒಂದೇ ಅಲ್ಲ ಎಂದು ಅಲ್ಲಿ ಬಸ್ಸಿನಲ್ಲಿ ಒಮ್ಮೆ ಓಡಾಡಿದವರಿಗೂ ಗೊತ್ತು.

ಏನೂ ಆಗಿಲ್ಲ ಎನ್ನುತ್ತಿಲ್ಲ. ಮಂಗಳವಾರ, ಶುಕ್ರವಾರ ಜಿಲ್ಲಾವಾರು ಕೃಷಿ ಸಲಹೆ ಬರುತ್ತದೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟಕ್ಕೂ ಮಳೆಮಾಪಕ ತಂದಿದೆ. ವಿಜ್ಞಾನ ತೋಟದ ಹತ್ತಿರ ಬರುತ್ತಿದೆ, ಭಾಷೆ ಇನ್ನೂ ಕಚೇರಿಯಲ್ಲೇ ಕೂತಿದೆ. ಮುನ್ಸೂಚನೆಯ ವಾಕ್ಯವನ್ನು ಇಂಗ್ಲಿಷಿನಿಂದ ಪದಕ್ಕೆ ಪದವಿಟ್ಟು ಇಳಿಸಿದರೆ ಅನುವಾದ ಮುಗಿಯಿತು ಎಂದುಕೊಂಡಿದ್ದೇವೆ. ಅನುವಾದವನ್ನೇ ಉಂಡು ಬದುಕುವ ನಾನೂ ಆ ತಪ್ಪಿನಲ್ಲಿ ಪಾಲುದಾರಳು.

ಆಗಬೇಕಾದ್ದು ದೊಡ್ಡದೇನಲ್ಲ. ಪದದ ಪಕ್ಕದಲ್ಲಿ ಅಂಕಿ ಇರಲಿ. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದು ಬೇರೆ ಬೇರೆ ಹೇಳಲಿ. ಏಳನೆಯ ದಿನದ ಅಂದಾಜು ನಾಳೆಯದಷ್ಟು ಗಟ್ಟಿಯಲ್ಲ ಎನ್ನುವುದನ್ನು ಮುಚ್ಚಿಡದಿರಲಿ. ಮಳೆಗಾಲದ ನಾಲ್ಕು ತಿಂಗಳು ಬಿಡುವಿನ ಅಂದಾಜಿಗೂ ಒಂದು ಸಾಲು ಮೀಸಲಿರಲಿ. ಅದನ್ನು ಖಚಿತವಾಗಿ ಹೇಳುವುದು ಕಷ್ಟ, ಒಪ್ಪಿದೆ. ಅನುಮಾನವಿದ್ದರೆ ಅನುಮಾನವೆಂದೇ ಬರೆಯಲಿ. ಆರಿದ್ರಾ, ಪುನರ್ವಸು ಎಂದು ಮಳೆ ನಕ್ಷತ್ರ ಎಣಿಸಿ ಬದುಕಿದವರಿಗೆ ಅನುಮಾನ ಹೊಸತಲ್ಲ.

1928ರಲ್ಲಿ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಶಿಮ್ಲಾದಿಂದ ಪುಣೆಗೆ ಬಂತು. 1944ರಲ್ಲಿ ಅದು ದೆಹಲಿಗೆ ಹೋದರೂ ಇಲ್ಲಿಯ ಕಟ್ಟಡವನ್ನು ಜನ ಈಗಲೂ ಸಿಮ್ಲಾ ಆಫೀಸ್ ಎನ್ನುತ್ತಾರೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ಅಪ್ಪನ ಪ್ರಶ್ನೆ ನೆನಪಾಗುತ್ತದೆ. ಮಳೆ ನಿಂತು ಬೆಳಕಾಗುವ ಆ ಗಳಿಗೆಗೆ ನಮ್ಮೂರಲ್ಲಿ ಸ್ವಂತ ಹೆಸರೇ ಇದೆ. ನಾನು ನೋಡುವ ಮುನ್ಸೂಚನೆಗಳಲ್ಲಿ ಆ ಪದ ಇನ್ನೂ ಕಂಡಿಲ್ಲ.