ಮಲಗುವ ಚೀಲವೂ ಮೈಯಡಿಯ ಚಾಪೆಯೂ

ನಿವೃತ್ತನಾದ ಮೇಲೆ ನನ್ನ ಅಭಿಪ್ರಾಯವನ್ನು ಕೇಳಿಕೊಂಡು ಬರುವವರು ವಿರಳ. ಕೇಳದೆಯೂ ಹೇಳುವ ಅಭ್ಯಾಸವು ಮೂವತ್ತೈದು ವರ್ಷಗಳ ಮೇಷ್ಟರಿಕೆಯಿಂದ ಅಂಟಿಕೊಂಡದ್ದು. ಅದು ಮಾತ್ರ ಬಿಟ್ಟಿಲ್ಲ. ಈ ಸಲ ವಿಷಯ ನಿಮಗೆ ವಿಚಿತ್ರವೆನಿಸಬಹುದು. ಚಾರಣಕ್ಕೆ ಹೊರಡುವವರು ಕಡಿಮೆ ಬೆಲೆಯ ಸ್ಲೀಪಿಂಗ್ ಬ್ಯಾಗನ್ನು, ಎಂದರೆ ಮಲಗುವ ಚೀಲವನ್ನು, ಹೇಗೆ ಆರಿಸಿಕೊಳ್ಳಬೇಕೆಂಬುದು. ಅರವತ್ತು ದಾಟಿ, ಮೊಣಕಾಲು ನೋವಿನ ಎಣ್ಣೆ ಹಚ್ಚಿಕೊಂಡು ಕೂತವನಿಗೆ ಇದೇಕೆ ಎಂದು ನಗುವ ಮುನ್ನ ಕೊನೆಯವರೆಗೆ ಓದಿರೆಂದು ಕೋರುತ್ತೇನೆ.

ಕಳೆದ ತಿಂಗಳು ನನ್ನ ತಮ್ಮನ ಮಗಳು ಬೆಂಗಳೂರಿನಿಂದ ಬಂದಿದ್ದಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಡಿಸೆಂಬರಿನಲ್ಲಿ ಗೆಳತಿಯರೊಡನೆ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗುವವಳಿದ್ದಾಳೆ. ಹೊಸದಾಗಿ ಕೊಂಡ ಚೀಲವೊಂದನ್ನು ಹಜಾರದಲ್ಲಿ ಹರಡಿ, "ದೊಡ್ಡಪ್ಪ, ನೋಡಿ, ಮೈನಸ್ ಆರು ಡಿಗ್ರಿ ತನಕ ತಡೆಯತ್ತೆ. ಬರೀ ಹದಿನಾಲ್ಕು ನೂರು ರೂಪಾಯಿ!" ಎಂದು ಹಿಗ್ಗಿನಿಂದ ತೋರಿಸಿದಳು. ನಾನು ಕನ್ನಡಕ ಏರಿಸಿಕೊಂಡು ಒಳಗೆ ಹೊಲಿದಿದ್ದ ಚೀಟಿಯನ್ನು ಓದಿದೆ. ಅದರಲ್ಲಿ ಮೂರು ಸಂಖ್ಯೆಗಳಿದ್ದವು: ಕಂಫರ್ಟ್ 10, ಲಿಮಿಟ್ 6, ಎಕ್ಸ್‌ಟ್ರೀಮ್ ಮೈನಸ್ 6. ಆಕೆಯ ಕಣ್ಣಿಗೆ ಬಿದ್ದದ್ದು ಮೂರನೆಯದು ಮಾತ್ರ.

ಈ ಮೂರು ಸಂಖ್ಯೆಗಳ ಅರ್ಥವನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. 2002ರಲ್ಲಿ ಐರೋಪ್ಯ ದೇಶಗಳು ಮಲಗುವ ಚೀಲಗಳ ಪರೀಕ್ಷೆಗೆ ಈ.ಎನ್. 13537 ಎಂಬ ಮಾನಕವನ್ನು ರೂಪಿಸಿದವು. 2016ರಲ್ಲಿ ಅದರ ಸ್ಥಾನಕ್ಕೆ ಐ.ಎಸ್.ಓ. 23537 ಎಂಬ ಅಂತಾರಾಷ್ಟ್ರೀಯ ಮಾನಕ ಬಂದಿತು. ಒಳಗಿನಿಂದ ಬಿಸಿ ಮಾಡಬಹುದಾದ ಮನುಷ್ಯಾಕೃತಿಯ ಬೊಂಬೆಯನ್ನು ಚೀಲದಲ್ಲಿ ಮಲಗಿಸಿ, ತಣ್ಣನೆಯ ಕೋಣೆಯಲ್ಲಿ ಅದು ಎಷ್ಟು ಶಾಖವನ್ನು ಕಳೆದುಕೊಳ್ಳುತ್ತದೆಂದು ಅಳೆಯುತ್ತಾರೆ. ಕಂಫರ್ಟ್ ಎಂದರೆ ಸಾಮಾನ್ಯ ಮೈಕಟ್ಟಿನ ಹೆಂಗಸೊಬ್ಬಳು ಮೈ ಸಡಿಲಬಿಟ್ಟು ನೆಮ್ಮದಿಯಿಂದ ನಿದ್ರಿಸಬಹುದಾದ ಉಷ್ಣತೆ. ಲಿಮಿಟ್ ಎಂದರೆ ಸಾಮಾನ್ಯ ಮೈಕಟ್ಟಿನ ಗಂಡಸು ಮುದುರಿಕೊಂಡು, ನಡುಕ ಹುಟ್ಟುವ ಅಂಚಿನಲ್ಲಿ ರಾತ್ರಿ ಕಳೆಯಬಹುದಾದ ಉಷ್ಣತೆ. ಎಕ್ಸ್‌ಟ್ರೀಮ್ ಎಂಬುದು ನಿದ್ರೆಯ ಸಂಖ್ಯೆಯೇ ಅಲ್ಲ. ದೇಹದ ಶಾಖ ಅಪಾಯಕರವಾಗಿ ಕುಸಿಯುವ ಸಂಭವವಿರುವ, ಕೆಲವು ಗಂಟೆಗಳ ಕಾಲ ಜೀವ ಹಿಡಿದುಕೊಂಡಿರಬಹುದಾದ ಮಟ್ಟ. ಪರೀಕ್ಷೆಯಲ್ಲಿ ಮೂವತ್ತೈದಕ್ಕೆ ಪಾಸು ಎಂದಮಾತ್ರಕ್ಕೆ ಮೂವತ್ತೈದು ಅಂಕ ಒಳ್ಳೆಯ ಅಂಕವಾಗುವುದಿಲ್ಲವೆಂದು ನಿಮಗೆಲ್ಲ ಎಷ್ಟು ಸಲ ಹೇಳಿಲ್ಲ! ಇದೂ ಹಾಗೆಯೇ. ಕೆಲವು ಅಗ್ಗದ ಚೀಲಗಳ ಮೇಲೆ ಯಾವ ಮಾನಕದ ಹೆಸರೂ ಇಲ್ಲದೆ ಒಂದೇ ಒಂದು ದೊಡ್ಡ ಸಂಖ್ಯೆ ಅಚ್ಚಾಗಿರುತ್ತದೆ. ಅಂಥದನ್ನು ನಂಬಬಾರದು. ಹೆಣ್ಣುಮಕ್ಕಳು, ಸಣಕಲು ಮೈಯವರು, ನನ್ನಂಥ ವಯಸ್ಸಾದವರು ಮೊದಲನೆಯ ಸಂಖ್ಯೆಯನ್ನಲ್ಲದೆ ಬೇರೆಯದನ್ನು ನೋಡಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಆಕೆ ಹದಿನಾಲ್ಕು ನೂರು ರೂಪಾಯಿಯನ್ನು ಹಾಳು ಮಾಡಿಕೊಂಡಳೇ? ಖಂಡಿತ ಇಲ್ಲ. ಎತ್ತರ ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆಂದು ಒಂಬತ್ತನೆಯ ತರಗತಿಯಲ್ಲಿ ಲೆಕ್ಕ ಮಾಡಿಸಿದ್ದೆ. ಚಿಕ್ಕಮಗಳೂರು ಪಟ್ಟಣ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ನೆತ್ತಿ ಸುಮಾರು 1,930 ಮೀಟರ್. ಪಟ್ಟಣಕ್ಕಿಂತ ಗಿರಿಯ ಮೇಲೆ ಐದಾರು ಡಿಗ್ರಿ ಕಡಿಮೆಯೆಂದು ಹಿಡಿದು, ಗಾಳಿಯ ಕಾಟವನ್ನೂ ಸೇರಿಸಿಕೊಂಡರೂ, ನಮ್ಮ ಪಶ್ಚಿಮಘಟ್ಟದ ಹೆಚ್ಚಿನ ರಾತ್ರಿಗಳಿಗೆ ಹತ್ತು ಡಿಗ್ರಿ ಕಂಫರ್ಟಿನ ಚೀಲವೂ ಒಂದು ಸ್ವೆಟರೂ ಸಾಕು. ಕೇದಾರಕಂಠದ ಮಾತೇ ಬೇರೆ. ಅದರ ಶಿಖರ ಸುಮಾರು 3,800 ಮೀಟರ್. ಡಿಸೆಂಬರಿನಲ್ಲಿ ಅಲ್ಲಿ ಹಿಮದ ಮೇಲೆಯೇ ಡೇರೆ ಹೂಡುತ್ತಾರೆ. ರಾತ್ರಿಯ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಚೀಲ ಕೆಟ್ಟದ್ದಲ್ಲ, ಊರು ತಪ್ಪಿದೆ, ಅಷ್ಟೆ. ಹಿಮಾಲಯಕ್ಕೆ ವರ್ಷಕ್ಕೊಮ್ಮೆ ಹೋಗುವವರು ದುಬಾರಿ ಚೀಲ ಕೊಳ್ಳುವ ಬದಲು ಬಾಡಿಗೆಗೆ ತರುವುದೇ ಲೇಸು. ಚಾರಣ ನಡೆಸುವವರೇ ಚೀಲ ಕೊಡುವುದಾದರೆ, ಅದರ ಕಂಫರ್ಟ್ ಸಂಖ್ಯೆ ಎಷ್ಟೆಂದು ನಾಚಿಕೆಯಿಲ್ಲದೆ ಮೊದಲೇ ಕೇಳಬೇಕು.

ಇನ್ನು ಒಳಗೆ ತುಂಬಿರುವ ವಸ್ತು. ಬೆಲೆಯುಳ್ಳ ಚೀಲಗಳಲ್ಲಿ ಬಾತು, ಹೆಬ್ಬಾತುಗಳ ಎದೆಯ ನವಿರಾದ ತುಪ್ಪಳವನ್ನು ತುಂಬಿರುತ್ತಾರೆ. ಅದು ಹಗುರ, ಹಿಡಿಯಷ್ಟಕ್ಕೆ ಮಡಿಸಬಹುದು, ಬಹು ಬೆಚ್ಚಗೆ. ಆದರೆ ಒದ್ದೆಯಾದರೆ ಮುದ್ದೆಗಟ್ಟಿ ನಿರುಪಯುಕ್ತವಾಗುತ್ತದೆ. ಅಗ್ಗದ ಚೀಲಗಳಲ್ಲಿರುವುದು ಪಾಲಿಯೆಸ್ಟರ್ ಎಳೆ. ಭಾರ ಹೆಚ್ಚು, ಗಾತ್ರವೂ ಹೆಚ್ಚು; ಆದರೆ ತೇವವಾದರೂ ಸ್ವಲ್ಪಮಟ್ಟಿಗೆ ಬಿಸುಪನ್ನು ಉಳಿಸಿಕೊಳ್ಳುತ್ತದೆ, ಮನೆಯಲ್ಲಿ ಒಗೆದುಕೊಳ್ಳಬಹುದು. ಮಂಜು, ಇಬ್ಬನಿಗಳ ನಮ್ಮ ಮಲೆನಾಡಿಗೆ ಇದೇ ಒಪ್ಪುತ್ತದೆ. ಆಕಾರದ ಮಾತಿಗೆ ಬಂದರೆ, ಚೌಕನೆಯ ಚೀಲಕ್ಕಿಂತ ಕಾಲಿನ ಕಡೆ ಕಿರಿದಾಗಿ, ತಲೆಗೆ ಟೊಪ್ಪಿಯಿದ್ದು, ಮುಖದ ಸುತ್ತ ಲಾಡಿ ಎಳೆದು ಬಿಗಿಯುವಂಥದು ಉತ್ತಮ. ಮಳೆಯಲ್ಲಿ ಗದ್ದೆಗೆ ಹೋಗುತ್ತಿದ್ದ ನಮ್ಮ ಹಿರಿಯರು ಹಾಕಿಕೊಳ್ಳುತ್ತಿದ್ದ ಕಂಬಳಿಕೊಪ್ಪೆಯ ತತ್ತ್ವವೇ ಇದು. ಜಿಪ್ಪಿನ ಹಿಂದೆ ಉದ್ದಕ್ಕೂ ಗಾಳಿ ತಡೆಯುವ ದಪ್ಪ ಪಟ್ಟಿಯಿದೆಯೇ, ಜಿಪ್ಪು ಬಟ್ಟೆಯನ್ನು ಕಚ್ಚದೆ ಎರಡು ಕಡೆಯಿಂದಲೂ ಸರಾಗವಾಗಿ ಓಡುತ್ತದೆಯೇ ಎಂದು ಅಂಗಡಿಯಲ್ಲಿಯೇ ಒಳಗೆ ಮಲಗಿ ನೋಡಬೇಕು. ಯಾರಾದರೂ ನಕ್ಕರೆ ನಗಲಿ.

ಇಷ್ಟು ಹೇಳಿದ ಮೇಲೆ ಆಕೆಯನ್ನು ಕೇಳಿದೆ: "ಅಡಿಗೆ ಏನು ಹಾಸ್ತೀಯಮ್ಮ?" ಆಕೆ, "ಅಡಿಗೆ ಯಾಕೆ ದೊಡ್ಡಪ್ಪ? ಚೀಲಾನೇ ದಪ್ಪ ಇದೆಯಲ್ಲ" ಎಂದಳು. ಆ ಮಾತು ನನ್ನನ್ನು ನೇರವಾಗಿ 1988ಕ್ಕೆ ಒಯ್ದಿತು. ಈ ಬರಹವನ್ನು ಬರೆಯಲು ಅದೇ ಕಾರಣ.

ಆ ವರ್ಷದ ಜನವರಿಯಲ್ಲಿ ಒಂಬತ್ತನೆಯ ತರಗತಿಯ ಇಪ್ಪತ್ತೆಂಟು ಹುಡುಗರನ್ನು ಕೆಮ್ಮಣ್ಣುಗುಂಡಿಗೆ ಕರೆದುಕೊಂಡು ಹೋಗಿದ್ದೆ. ಬಾಬಾಬುಡನ್‌ಗಿರಿ ಶ್ರೇಣಿಯ ಆ ತಾಣ 1,434 ಮೀಟರ್ ಎತ್ತರದಲ್ಲಿದೆ. ಸಿಮೆಂಟ್ ನೆಲದ ಹಜಾರವೊಂದರಲ್ಲಿ ಎರಡು ರಾತ್ರಿಯ ವಾಸ. ಹೊರಡುವ ಮುನ್ನ ಕರಿಹಲಗೆಯ ಮೇಲೆ "ಎಲ್ಲರೂ ದಪ್ಪ ಹೊದಿಕೆ ತರತಕ್ಕದ್ದು" ಎಂದು ಬರೆದಿದ್ದೆ. ದಪ್ಪ ಹೊದಿಕೆ ಎಲ್ಲರ ಮನೆಯಲ್ಲೂ ಒಂದು ಹೆಚ್ಚಿಗೆ ಇರುತ್ತದೆಯೇ ಎಂಬ ಯೋಚನೆ ನನಗೆ ಬರಲಿಲ್ಲ. ಮೊದಲ ದಿನ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗಿ ಹುಡುಗರನ್ನು ಎಣಿಸಿದರೆ ಇಪ್ಪತ್ತೇಳು. ಎದೆ ಹಾರಿತು. ಟಾರ್ಚು ಹಿಡಿದು ಹುಡುಕಿದಾಗ, ಅಡುಗೆಯವರ ಆರಿದ ಒಲೆಯ ಬೂದಿಯ ಪಕ್ಕದಲ್ಲಿ ಮಂಡಿ ಅಪ್ಪಿಕೊಂಡು ಒಬ್ಬ ಕುಳಿತಿದ್ದ. ಮೈಮೇಲೆ ಒಂದು ತೆಳುವಾದ ದುಪ್ಪಟಿ. ಹಲ್ಲು ಕಟಕಟಿಸುತ್ತಿತ್ತು. "ಯಾಕೋ, ಚಳಿಯೇನೋ?" ಎಂದೆ. "ಇಲ್ಲ ಸಾರ್, ನಿದ್ದೆ ಬರ್ಲಿಲ್ಲ" ಎಂದ.

ಅವನು ತರಗತಿಯಲ್ಲಿ ಜಾಣ. ಉಷ್ಣವಹನದ ಪಾಠವನ್ನು ಹದಿನೈದು ದಿನಗಳ ಹಿಂದಷ್ಟೇ ಮಾಡಿದ್ದೆ. ಗಾಳಿ ಶಾಖದ ಅವಾಹಕ, ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ನಿಶ್ಚಲ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು ಎಂಬ ಉತ್ತರಕ್ಕೆ ಅವನಿಗೆ ಪೂರ್ಣಾಂಕ ಕೊಟ್ಟಿದ್ದೆ. ಆದರೆ ಆ ಪಾಠದ ಮುಂದಿನ ವಾಕ್ಯವನ್ನು ನಾನು ಹೇಳಿರಲಿಲ್ಲ. ಮೈಭಾರದಿಂದ ಎಳೆಗಳು ಅಮುಕಿಹೋದಾಗ ಆ ಗಾಳಿ ಹೊರಟುಹೋಗುತ್ತದೆ. ಆಗ ನೆಲವು ದೇಹದ ಶಾಖವನ್ನು ರಾತ್ರಿಯಿಡೀ ಹೀರುತ್ತದೆ. ಅವನು ಬರಿಯ ಸಿಮೆಂಟಿನ ಮೇಲೆ ಅರ್ಧ ದುಪ್ಪಟಿ ಹಾಸಿ ಅರ್ಧ ಹೊದ್ದಿದ್ದ. ಮಾರನೆಯ ರಾತ್ರಿ ಅಡುಗೆಯವರಿಂದ ಖಾಲಿ ಗೋಣಿಚೀಲಗಳನ್ನು ಬೇಡಿ ತಂದು, ಅವುಗಳ ಮೇಲೆ ಹಳೆಯ ಪತ್ರಿಕೆಗಳನ್ನು ದಪ್ಪನಾಗಿ ಹರಡಿ ಎಲ್ಲರಿಗೂ ಹಾಸಿದೆವು. ನನ್ನ ಕಂಬಳಿಯನ್ನು ಅವನಿಗೆ ಕೊಡಹೋದರೆ ಒಲ್ಲೆನೆಂದ. ಅದೇ ದುಪ್ಪಟಿ, ಸಾಲಿನ ನಡುವೆ ಜಾಗ, ಬೆಳಗಿನವರೆಗೆ ನಿದ್ರಿಸಿದ. ನಾನು ಬಿ.ಎಡ್. ತರಗತಿಯಲ್ಲಿ ಕಲಿಯದ ಪಾಠವನ್ನು ಅಂದು ಕಲಿತೆ.

ಮಲಗುವ ಚೀಲವೂ ಇದೇ ನಿಯಮಕ್ಕೆ ಒಳಪಟ್ಟಿದೆ. ಎಷ್ಟು ದಪ್ಪದ ಚೀಲವಾದರೂ ಬೆನ್ನಿನ ಕೆಳಗಿನ ಭಾಗ ಅಮುಕಿ ತೆಳುವಾಗುತ್ತದೆ. ಆದಕಾರಣ ಕೈಯಲ್ಲಿ ಎರಡು ಸಾವಿರ ರೂಪಾಯಿ ಮಾತ್ರವಿದ್ದರೆ ಅದನ್ನೆಲ್ಲ ಚೀಲಕ್ಕೆ ಸುರಿಯಬೇಡಿ. ಅದರಲ್ಲಿ ಒಂದು ಪಾಲನ್ನು ಫೋಮ್ ಚಾಪೆಗೆ ಮೊದಲೇ ತೆಗೆದಿಡಿ. ಅದರ ತೂಕ ಅರ್ಧ ಕಿಲೋ ಸಹ ಇರುವುದಿಲ್ಲ. ಸುತ್ತಿ ಬೆನ್ನುಚೀಲದ ಹೊರಗೆ ಕಟ್ಟಿಕೊಳ್ಳಬಹುದು. ಹಳೆಯ ಮೃದುವಾದ ಹತ್ತಿಸೀರೆಯನ್ನು ಚೀಲದ ಅಳತೆಗೆ ಹೊಲಿದು ಒಳಗೆ ಇಟ್ಟುಕೊಂಡರೆ ತುಸು ಬಿಸುಪೂ ಹೆಚ್ಚುತ್ತದೆ, ಚೀಲವೂ ಕೊಳೆಯಾಗುವುದಿಲ್ಲ. ಮಲಗುವ ಮುನ್ನ ಬೆವರಿದ ಬಟ್ಟೆ ಬದಲಿಸಿ, ಒಣಗಿದ ಕಾಲುಚೀಲ ಹಾಕಿಕೊಳ್ಳಿ. ಹೊಟ್ಟೆತುಂಬ ಉಣ್ಣಿ, ಏಕೆಂದರೆ ಚೀಲವು ಶಾಖವನ್ನು ಹುಟ್ಟಿಸುವುದಿಲ್ಲ, ನೀವು ಹುಟ್ಟಿಸಿದ್ದನ್ನು ಕಾಯುತ್ತದೆ. ಮುಖವನ್ನು ಒಳಗೆ ಮುಚ್ಚಿಕೊಳ್ಳಬೇಡಿ, ಉಸಿರಿನ ತೇವದಿಂದ ಚೀಲ ಒದ್ದೆಯಾಗುತ್ತದೆ. ಮನೆಗೆ ಬಂದ ಮೇಲೆ ಬಿಗಿಯಾಗಿ ಸುತ್ತಿಡದೆ ಸಡಿಲವಾಗಿ ನೇತುಹಾಕಿ. ಹಾಗೆ ಮಾಡಿದರೆ ಎಳೆಗಳು ಬೇಗನೆ ಚಪ್ಪಟೆಯಾಗುವುದಿಲ್ಲ.

ಕಂಬಳಿ ಇರುವಾಗ ಇದೆಲ್ಲ ಏಕೆ ಎಂದು ನನ್ನ ಅಣ್ಣ ಕೇಳಿದ್ದುಂಟು. ನಮ್ಮ ಕುರಿಯ ಉಣ್ಣೆಯ ಕಂಬಳಿಯ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಅದನ್ನು ಹೊತ್ತು ಗಿರಿ ಏರುವ ಹದಿನಾಲ್ಕರ ಮಗುವಿನ ಬೆನ್ನಿನ ಮೇಲೂ ನನಗೆ ಕರುಣೆಯಿದೆ. ಎಲ್ಲಿ ಬಸ್ಸು ನಿಲ್ಲುತ್ತದೆಯೋ ಅಲ್ಲಿಗೆ ಕಂಬಳಿ. ಎಲ್ಲಿ ಕಾಲು ನಡೆಯಬೇಕೋ ಅಲ್ಲಿಗೆ ಚೀಲ.

ಈಗಲೂ ಪ್ರವಾಸಕ್ಕೆ ಕರೆದೊಯ್ಯುವಾಗ "ಪ್ರತಿಯೊಬ್ಬರೂ ಸ್ಲೀಪಿಂಗ್ ಬ್ಯಾಗ್ ತರತಕ್ಕದ್ದು" ಎಂದು ಚೀಟಿ ಕಳುಹಿಸುವ ಶಾಲೆಗಳಿವೆ. ಆ ಚೀಟಿ ಓದಿ, ಮನೆಯಲ್ಲಿ ಹೇಳದೆಯೇ "ನನಗೆ ಬರೋಕಾಗಲ್ಲ ಸಾರ್" ಎನ್ನುವ ಮಗುವೊಂದು ಪ್ರತಿ ತರಗತಿಯಲ್ಲೂ ಇರುತ್ತದೆ. ಬಂದರೂ ಚಳಿಯಾಯಿತೆಂದು ಅದು ಹೇಳುವುದಿಲ್ಲ. ನನ್ನ ಶಿಷ್ಯರಲ್ಲಿ ಮೇಷ್ಟರಾಗಿರುವವರು ಹಲವರಿದ್ದೀರಿ. ಅಡಿಗೆ ಏನಿದೆ, ಮೇಲೆ ಏನಿದೆ ಎಂದು ದೀಪ ಆರಿಸುವ ಮುನ್ನ ಒಮ್ಮೆ ಸಾಲಿನ ಉದ್ದಕ್ಕೂ ನೋಡಿಬನ್ನಿ. ಅನುಕೂಲವಿರುವವರು ಓದಿದ ಶಾಲೆಗೆ ಪ್ರತಿಮೆ, ಗಡಿಯಾರ ಕೊಡುವ ಬದಲು ಹತ್ತು ಚೀಲ, ಹತ್ತು ಚಾಪೆ ಕೊಡುವ ವಿಚಾರ ಮಾಡಬಹುದು. ಮೊದಲ ಎರಡು ಚಾಪೆಗಳ ಹಣ ನನ್ನ ಪಿಂಚಣಿಯಿಂದ.

ತಮ್ಮನ ಮಗಳು ಚೀಲವನ್ನು ಹಿಂದಿರುಗಿಸಲಿಲ್ಲ. ಹಿಮಾಲಯಕ್ಕೆ ಬಾಡಿಗೆಯದನ್ನು ಗೊತ್ತುಮಾಡಿಕೊಂಡು, ಇದನ್ನು ಮುಂದಿನ ಫೆಬ್ರವರಿಯ ಮಲೆನಾಡಿನ ಚಾರಣಕ್ಕೆ ಇಟ್ಟುಕೊಂಡಿದ್ದಾಳೆ. ಹೊರಡುವಾಗ ಒಂದು ಫೋಮ್ ಚಾಪೆಗೆ ನನ್ನಿಂದಲೇ ಹಣ ವಸೂಲಿ ಮಾಡಿಕೊಂಡು ಹೋದಳು.

ಅಂದು ಒಲೆಯ ಪಕ್ಕ ಕುಳಿತಿದ್ದ ಹುಡುಗ ಇಂದು ಐವತ್ತರ ಆಸುಪಾಸಿನವನು. ಹೆಸರು ಬರೆಯುವುದಿಲ್ಲ. ಇದನ್ನು ಅವನು ಓದುತ್ತಿದ್ದರೆ, ಅಂದು ಕರಿಹಲಗೆಯ ಮೇಲೆ ಯೋಚಿಸದೆ ಬರೆದ ಆ ಒಂದು ಸಾಲಿಗಾಗಿ ಮೇಷ್ಟರನ್ನು ಕ್ಷಮಿಸಲಿ.