ಸೀಲು ಸರ್ಕಾರದ್ದು, ನಷ್ಟ ಬಡವನದು

ಊರ ಹೊರಗಿನ ಹೊಲದಲ್ಲಿ ಕಲ್ಲು ನೆಟ್ಟು, "ಸೈಟುಗಳು ಮಾರಾಟಕ್ಕಿವೆ" ಎಂದು ಬೋರ್ಡು ಹಾಕಿ ಕುಳಿತವರು ಯಾರನ್ನು ಕಾಯುತ್ತಿದ್ದಾರೆ? ಪ್ರಾವಿಡೆಂಟ್ ಫಂಡು, ಗ್ರಾಚ್ಯುಟಿಯ ಹಣ ಕೈಗೆ ಬಂದ ಗಿರಣಿ ಕಾರ್ಮಿಕನನ್ನು; ಇಪ್ಪತ್ತು ವರ್ಷ ಚಿಲ್ಲರೆ ಕೂಡಿಟ್ಟ ಸಣ್ಣ ಅಂಗಡಿಯವನನ್ನು. ಶ್ರೀಮಂತನಿಗೆ ವಕೀಲನಿದ್ದಾನೆ. ಬಡವನಿಗೆ ಇರುವುದು ದಲ್ಲಾಳಿಯ ಮಾತೊಂದೇ. ಆ ಮಾತಿನ ಹುರುಳೇನು, ನೋಡೋಣ.

"ಜಿ.ಪಿ.ಎ. ಬರೆದುಕೊಡುತ್ತೇವೆ, ಅದೂ ಕ್ರಯಪತ್ರವೂ ಒಂದೇ." ಇದು ಮೊದಲ ಸುಳ್ಳು. ನೂರು ರೂಪಾಯಿ ಹಾಗೂ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟ ರಿಜಿಸ್ಟರಾದ ಪತ್ರದಿಂದಲೇ ಆಗಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳುತ್ತದೆ. ಜಿ.ಪಿ.ಎ.ಯಿಂದಾಗಲಿ, ಬರಿಯ ಕರಾರುಪತ್ರದಿಂದಾಗಲಿ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸಾರಿದೆ.

"ರಿಜಿಸ್ಟರ್ ಮಾಡಿಸಿಕೊಡುತ್ತೇವೆ, ಇನ್ನೇನು ಭಯ?" ಇದು ಎರಡನೆಯ ಸುಳ್ಳು. ಸಬ್ ರಿಜಿಸ್ಟ್ರಾರರು ಪತ್ರವನ್ನು ದಾಖಲು ಮಾಡುತ್ತಾರೆ, ಅಷ್ಟೆ. ಮಾರುವವನು ನಿಜವಾದ ಒಡೆಯನೇ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ತಮಿಳುನಾಡಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2025ರಲ್ಲಿ ಹೇಳಿದ್ದೂ ಇದನ್ನೇ. ಅಂದರೆ ಸರ್ಕಾರ ಮುದ್ರಾಂಕ ಶುಲ್ಕವನ್ನು ಎಣಿಸಿಕೊಳ್ಳುತ್ತದೆ. ಒಡೆತನಕ್ಕೆ ಜಾಮೀನು ಮಾತ್ರ ನಿಲ್ಲುವುದಿಲ್ಲ! ಇದೆಂಥ ನ್ಯಾಯ?

ಆ ನ್ಯಾಯ ಬದಲಾಗುವವರೆಗೆ ನಮ್ಮ ಕಾವಲು ನಾವೇ ಕಾಯಬೇಕು. ಮುಂಗಡ ಕೊಡುವ ಮೊದಲು ಮೂಲಪತ್ರಗಳನ್ನೂ ಕನಿಷ್ಠ ಮೂವತ್ತು ವರ್ಷದ ಋಣಭಾರ ಪತ್ರವನ್ನೂ ನೋಡಿರಿ. ಹೊಲವಾಗಿದ್ದ ಜಾಗವಾದರೆ ಭೂಪರಿವರ್ತನೆಯ ಆದೇಶ, ಮಂಜೂರಾದ ಬಡಾವಣೆಯ ನಕ್ಷೆ ಕೇಳಿರಿ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯಿದೆಯಂತೆ ಆ ಕ್ರಯ ಊರ್ಜಿತವಾಗದು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ 2005ರ ತಿದ್ದುಪಡಿಯಿಂದ ಸಮಪಾಲಿದೆ. ಅವರ ಸಹಿಯನ್ನು ಮರೆಯಬೇಡಿರಿ. ಚಕ್ಕುಬಂದಿಯನ್ನು ಕಾಗದದಲ್ಲಿ ಓದಿ ಬಿಡದೆ, ಜಾಗಕ್ಕೆ ಹೋಗಿ ನಿಂತು ನೋಡಿರಿ.

ಬಡಾವಣೆ 500 ಚದರ ಮೀಟರಿಗಿಂತ ದೊಡ್ಡದಾದರೆ ಅದು ಸಾಮಾನ್ಯವಾಗಿ 2016ರ ರೇರಾ ಕಾಯಿದೆಯಲ್ಲಿ ನೋಂದಣಿಯಾಗಿರಬೇಕು. ಅಂಥ ಕಡೆ ರಿಜಿಸ್ಟರಾದ ಕರಾರು ಮಾಡಿಕೊಳ್ಳದೆ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಣ ಪಡೆಯಲು ಮಾಲೀಕನಿಗೆ ಅಧಿಕಾರವಿಲ್ಲ. "ನಾಳೆ ಬೆಲೆ ಏರುತ್ತದೆ, ಇಂದೇ ಕಟ್ಟಿ" ಎನ್ನುವವನ ಮುಂದೆ ಈ ಕಾಯಿದೆಯನ್ನು ಇಡಿರಿ. ಅವನ ಅವಸರ ಅಲ್ಲೇ ಇಳಿಯುತ್ತದೆ.

ಮನೆ ಮಾರುವ ಸಣ್ಣ ವ್ಯಾಪಾರಿಗಳಿಗೂ ಒಂದು ಮಾತು. "ಪತ್ರದಲ್ಲಿ ಅರ್ಧ ಬರೆಸೋಣ, ಉಳಿದದ್ದು ಕೈಯಲ್ಲಿ ಕೊಡುತ್ತೇನೆ" ಎಂಬ ಆಸೆಗೆ ಬೀಳಬೇಡಿರಿ. ಬರೆಯದ ಹಣಕ್ಕೆ ನ್ಯಾಯಾಲಯದಲ್ಲಿ ಸಾಕ್ಷಿಯೆಲ್ಲಿ? ಆಸ್ತಿ ಮಾರಾಟದ ಮುಂಗಡವಾಗಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆದವನಿಗೆ 2015ರಿಂದ ಅಷ್ಟೇ ಮೊತ್ತದ ದಂಡವೂ ಇದೆ. ಹಣವೆಲ್ಲ ಬ್ಯಾಂಕಿನ ಮೂಲಕ ಬರಲಿ. ಅದು ಬರುವವರೆಗೆ ಮೂಲಪತ್ರ ನಿಮ್ಮ ಪೆಟ್ಟಿಗೆಯಲ್ಲೇ ಇರಲಿ.

ಒಬ್ಬನಿಗೆ ವಕೀಲನ ಫೀಜು ಭಾರ. ಒಂದೇ ಬಡಾವಣೆಯಲ್ಲಿ ಕೊಳ್ಳುವ ಹತ್ತು ಜನ ಸೇರಿದರೆ ಅದು ಹಗುರ. ಕಾಗದಗಳನ್ನು ಒಟ್ಟಿಗೆ ತನಿಖೆ ಮಾಡಿಸಿರಿ. ಹಾಗೆಯೇ ಒಟ್ಟಿಗೆ ಕೇಳಿರಿ: ಶುಲ್ಕ ವಸೂಲು ಮಾಡುವ ಸರ್ಕಾರ, ಆ ಶುಲ್ಕಕ್ಕೆ ತಕ್ಕ ಹೊಣೆ ಹೊರುವುದು ಯಾವಾಗ?