ಪ್ರಾರ್ಥನಾ ಕೋರಿಕೆಯ ಪುಟಕ್ಕೆ ಟ್ಯಾಗ್ ಬೇಡ



ಈಗ ಹಲವು ಚರ್ಚುಗಳಿಗೆ ವೆಬ್‌ಸೈಟ್ ಇದೆ. ಅದನ್ನು ನೋಡಿಕೊಳ್ಳುವ ಕೆಲಸ ಕೊನೆಗೆ ಬೀಳುವುದು ಕಂಪ್ಯೂಟರ್ ಗೊತ್ತಿರುವ ಯುವಕ ಯುವತಿಯರ ಹೆಗಲಿಗೇ. "ಎಷ್ಟು ಜನ ನೋಡ್ತಾರೆ?" ಎಂದು ಪಾಲನಾ ಮಂಡಳಿಯಲ್ಲಿ ಒಬ್ಬರು ಕೇಳಿದರೆ ಸಾಕು, ಅಂದು ಸಂಜೆಯೇ ಗೂಗಲ್ ಟ್ಯಾಗ್ ಮ್ಯಾನೇಜರ್ ಹಾಕಿಬಿಡುತ್ತೇವೆ.

ಎಣಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಕಾಸರಗೋಡಿನಂಥ ಊರಲ್ಲಿ ಬಲಿಪೂಜೆಯ ಸಮಯವನ್ನು ಜನ ಕನ್ನಡ ಪುಟದಲ್ಲಿ ಓದುತ್ತಾರೋ ಮಲಯಾಳಂ ಪುಟದಲ್ಲೋ, ಹಬ್ಬದ ನೇರಪ್ರಸಾರದ ಕೊಂಡಿಯನ್ನು ಗಲ್ಫ್‌ನಲ್ಲಿರುವವರು ಒತ್ತುತ್ತಾರೋ ಇಲ್ಲವೋ, ಇವು ತಿಳಿದರೆ ಉಪಯೋಗವಿದೆ. ಆದರೆ ಇಂಥ ಪ್ರಶ್ನೆ ಮೊದಲು ಬರಬೇಕು, ಟ್ಯಾಗ್ ಆಮೇಲೆ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಉಲ್ಟಾ.

ಟ್ಯಾಗ್ ಮ್ಯಾನೇಜರ್ ಒಂದು ಖಾಲಿ ಪೆಟ್ಟಿಗೆಯ ಹಾಗೆ. ಸೈಟಿನಲ್ಲಿ ಒಮ್ಮೆ ಎರಡು ತುಂಡು ಕೋಡ್ ಅಂಟಿಸಿದರೆ ಮುಗಿಯಿತು. ಆಮೇಲೆ ಸೈಟನ್ನು ಮುಟ್ಟದೆಯೇ ಪೆಟ್ಟಿಗೆಯೊಳಗೆ ಏನು ಬೇಕಾದರೂ ಸೇರಿಸಬಹುದು. ಏನು ಕಳುಹಿಸಬೇಕೆಂದು ಹೇಳುವುದು ಟ್ಯಾಗ್, ಯಾವಾಗ ಕಳುಹಿಸಬೇಕೆಂದು ಹೇಳುವುದು ಟ್ರಿಗರ್. ಯೂಟ್ಯೂಬ್ ನೋಡಿ ಮಾಡುವ ಹೆಚ್ಚಿನವರು 'ಎಲ್ಲಾ ಪುಟಗಳು' ಎಂಬ ಟ್ರಿಗರ್ ಆರಿಸಿ ಎದ್ದುಬಿಡುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ.

ಆ ಎಲ್ಲಾ ಪುಟಗಳಲ್ಲಿ ಪ್ರಾರ್ಥನಾ ಕೋರಿಕೆಯ ಪುಟವೂ ಸೇರಿದೆ. ಗಂಡನ ಕುಡಿತ, ಮಗಳ ಕಾಯಿಲೆ, ಮುರಿದ ಸಂಬಂಧ, ಎದುರು ನಿಂತು ಹೇಳಲಾಗದ್ದನ್ನು ಜನ ಬರೆಯುವುದು ಅಲ್ಲಿ. ಅನಾಲಿಟಿಕ್ಸ್ ಆ ಬರಹವನ್ನು ಓದುವುದಿಲ್ಲ, ನಿಜ. ಆದರೆ ಪ್ರತಿ ಬ್ರೌಸರಿಗೂ ಅದು ಒಂದು ಸಂಖ್ಯೆ ಕೊಡುತ್ತದೆ. ಆ ಕುಕಿ ಸಾಮಾನ್ಯವಾಗಿ 2 ವರ್ಷದವರೆಗೆ ಉಳಿಯುತ್ತದೆ. ಈ ಸಂಖ್ಯೆಯ ಫೋನು ಈ ಪುಟ ತೆರೆಯಿತು ಎಂಬ ಸುದ್ದಿ ಹೊರಗೆ ಹೋಗುತ್ತದೆ. ಇನ್ನು ಫಾರ್ಮನ್ನು ಅಜಾಗರೂಕತೆಯಿಂದ ಕಟ್ಟಿದ್ದರೆ ತುಂಬಿದ ಹೆಸರು, ಫೋನ್ ನಂಬರ್ ಪುಟದ ವಿಳಾಸದಲ್ಲೇ ಸೇರಿಕೊಂಡು ಗೂಗಲ್‌ಗೆ ತಲುಪುತ್ತವೆ. ಹಾಗೆ ಕಳುಹಿಸಬಾರದೆಂದು ಗೂಗಲ್‌ನ ನಿಯಮವೇ ಹೇಳುತ್ತದೆ.

ಟ್ರಿಗರಿಗೆ ಒಂದು ವಿನಾಯಿತಿ ಸೇರಿಸಿದರೆ ಸಾಲದೇ ಎಂದು ಕೇಳಬಹುದು. ಇವತ್ತಿಗೆ ಸಾಕು. ಮುಂದಿನ ವರ್ಷ ನೀವು ಬೆಂಗಳೂರಿಗೋ ದುಬೈಗೋ ಹೋದ ಮೇಲೆ ಬೇರೊಬ್ಬರು ಫೇಸ್‌ಬುಕ್ ಜಾಹೀರಾತಿನ ಟ್ಯಾಗ್ ಸೇರಿಸುತ್ತಾರೆ. ವಿನಾಯಿತಿಯ ನೆನಪು ಅವರಿಗೆ ಎಲ್ಲಿಂದ ಬರಬೇಕು? ಅದಕ್ಕೇ ಆ ಪುಟಕ್ಕೂ, ಕಳುಹಿಸಿದ ಮೇಲೆ ಬರುವ 'ಧನ್ಯವಾದ' ಪುಟಕ್ಕೂ ಪೆಟ್ಟಿಗೆಯ ಕೋಡನ್ನೇ ಹಾಕಬೇಡಿ. ಕ್ರೈಸ್ತ ಶಿಕ್ಷಣದ ಮಕ್ಕಳು ನೋಂದಾಯಿಸುವ ಪುಟಕ್ಕೂ ಬೇಡ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಎಣಿಸುತ್ತದೆ. ಅವರ ಚಟುವಟಿಕೆಯ ಜಾಡು ಹಿಡಿಯುವುದನ್ನು ತಡೆಯುವ ವಿಧಿಯೂ ಅದರಲ್ಲಿದೆ.

ಖಾತೆ ಯಾರ ಹೆಸರಲ್ಲಿರಬೇಕು ಎಂಬುದೂ ಸಣ್ಣ ಮಾತಲ್ಲ. 'ಪಬ್ಲಿಷ್' ಅನುಮತಿ ಇರುವವರು ಸೈಟಿನೊಳಗೆ ಯಾವ ಕೋಡನ್ನೂ ಓಡಿಸಬಲ್ಲರು. ಹಾಗಾಗಿ ಖಾತೆ ಚರ್ಚ್ ಕಚೇರಿಯ ಇಮೇಲಿನಲ್ಲಿರಲಿ, ನಮ್ಮ ಸ್ವಂತ ಜಿಮೇಲಿನಲ್ಲಿ ಬೇಡ. ಜವಾಬ್ದಾರಿ ಮುಗಿದವರ ಅನುಮತಿಯನ್ನು ಅದೇ ವಾರ ತೆಗೆಯಿರಿ, ಬೇಸರ ಮಾಡಿಕೊಳ್ಳುವವರು ಇರಬಹುದು, ಇರಲಿ.

ಈಗಾಗಲೇ ಹಾಕಿರುವವರು ಈ ಭಾನುವಾರ ಪೂಜೆ ಮುಗಿದ ಮೇಲೆ ಕಾಲು ಗಂಟೆ ಕೂತು ಪ್ರಿವ್ಯೂ ತೆರೆದು ಪ್ರಾರ್ಥನಾ ಕೋರಿಕೆಯ ಪುಟಕ್ಕೆ ಹೋಗಿ ನೋಡಿ. ಅಲ್ಲಿ ಟ್ಯಾಗ್ ಅಸಿಸ್ಟೆಂಟ್ ಏನನ್ನೂ ತೋರಿಸಬಾರದು.